ನೈಸರ್ಗಿಕ ಋತುಚಕ್ರದಲ್ಲಿ ಭ್ರೂಣ ವರ್ಗಾವಣೆ: ದಿನ ಎಣಿಸುವುದು ಎಲ್ಲಿಂದ?

“ಮುಟ್ಟಾಗಿ ಹದಿನಾಲ್ಕನೆಯ ದಿನಕ್ಕೆ ಬಂದುಬಿಡಲೇ ಸಿಸ್ಟರ್?” ಎಂದು ಕೇಳುವವರಿಗೆಲ್ಲ ನಾನು ಬೇಡ ಎನ್ನುತ್ತೇನೆ. ಶಿವಮೊಗ್ಗದ ಫರ್ಟಿಲಿಟಿ ಕ್ಲಿನಿಕ್ ಒಂದರಲ್ಲಿ ನಾನು ನರ್ಸ್. ಯಾರು ಯಾವ ದಿನ ಬರಬೇಕು ಎಂದು ಹೇಳುವುದು ನನ್ನ ಕೆಲಸ. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯಿಂದ ಬರುವ ಹೆಣ್ಣುಮಕ್ಕಳು ಈ ಲೆಕ್ಕವನ್ನು ತಾವೇ ತಿಳಿದಿರಬೇಕು ಎಂಬುದು ನನ್ನ ಆಸೆ. ಫ್ರೀಜ್ ಮಾಡಿಟ್ಟ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ದಿನವನ್ನು ಮುಟ್ಟಿನಿಂದ ಎಣಿಸುವುದಿಲ್ಲ, ಅಂಡ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ.

ಕಾರಣ ಸರಳ. ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಅದಿದ್ದ ಕೋಶವೇ ಪ್ರೊಜೆಸ್ಟೆರಾನ್ ಸುರಿಸತೊಡಗುತ್ತದೆ. ಗರ್ಭಕೋಶದ ಒಳಪದರವನ್ನು ಭ್ರೂಣಕ್ಕೆ ಅಣಿಗೊಳಿಸುವುದು ಅದೇ ಹಾರ್ಮೋನು. ಲ್ಯಾಬ್‌ನಲ್ಲಿ ಐದು ದಿನ ಬೆಳೆಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ ಭ್ರೂಣದ ವಯಸ್ಸು ಐದೇ ದಿನಕ್ಕೆ ನಿಂತಿರುತ್ತದೆ. ಅದನ್ನು ಒಳಗಿಡುವ ಹೊತ್ತಿಗೆ ಒಳಪದರಕ್ಕೂ ಐದು ದಿನದ ಪ್ರೊಜೆಸ್ಟೆರಾನ್ ಸಿಕ್ಕಿರಬೇಕು. ಮೂರು ದಿನದ ಭ್ರೂಣವಾದರೆ ಮೂರು ದಿನದ್ದು.

ಮುಟ್ಟು ಕ್ರಮವಾಗಿ ಬರುವವರಿಗೆ, ದೇಹದ ಸಹಜ ಚಕ್ರವನ್ನೇ ಅನುಸರಿಸುವ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇದ್ದು ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವವರಿಗೆ ವೈದ್ಯರು ಬೇರೆ ದಾರಿ ಹೇಳುತ್ತಾರೆ.

ಮುಟ್ಟಿನ ಮೊದಲ ದಿನವೇ ಕ್ಲಿನಿಕ್‌ಗೆ ಫೋನ್ ಮಾಡಿ. ಬರೀ ಕಲೆ ಕಂಡ ದಿನವಲ್ಲ, ಸರಿಯಾಗಿ ರಕ್ತ ಹೋದ ದಿನವೇ ಒಂದನೆಯ ದಿನ. 28 ದಿನದ ಚಕ್ರದವರಿಗೆ ಸಾಮಾನ್ಯವಾಗಿ ಎಂಟು–ಹತ್ತನೆಯ ದಿನದಿಂದ ಸ್ಕ್ಯಾನ್ ಶುರು. ನಿಮ್ಮದು 25 ದಿನದ ಚಕ್ರವಾದರೆ ಅದನ್ನು ಮೊದಲೇ ಹೇಳಿ. ತಡವಾಗಿ ಬಂದರೆ ಅಂಡ ಹೋಗಿಬಿಟ್ಟಿರುತ್ತದೆ, ಒಂದು ತಿಂಗಳು ಕಾಯಬೇಕಾಗುತ್ತದೆ. ಸ್ಕ್ಯಾನಿನಲ್ಲಿ ನೋಡುವುದು ಎರಡು: ಫಾಲಿಕಲ್ (ಅಂಡವಿರುವ ಕೋಶ) ಎಷ್ಟು ಬೆಳೆದಿದೆ, ಒಳಪದರ ಎಷ್ಟು ದಪ್ಪವಾಗಿದೆ. ಒಳಪದರ 7 ಮಿಲಿಮೀಟರ್ ದಾಟಿ ಮೂರು ಗೆರೆಗಳಾಗಿ ಕಂಡರೆ ನಮಗೆ ಸಮಾಧಾನ.

ಇನ್ನು ಎಲ್‌ಎಚ್. ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಬರುವ ಈ ಹಾರ್ಮೋನು ಒಮ್ಮೆಲೇ ಏರಿದ ಸುಮಾರು ಒಂದೂವರೆ ದಿನಕ್ಕೆ ಅಂಡ ಹೊರಬೀಳುತ್ತದೆ. ಮೊದಲು ರಕ್ತದಲ್ಲಿ ಏರುತ್ತದೆ, ಮೂತ್ರದಲ್ಲಿ ಕಾಣಲು ಕೆಲವು ಗಂಟೆ ಬೇಕು. ಅದಕ್ಕೇ ಮೂತ್ರದ ಪಟ್ಟಿಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಎನ್ನುತ್ತೇನೆ. ಪರೀಕ್ಷೆಗೆ ಎರಡು ಗಂಟೆ ಮುಂಚೆ ನೀರು ತುಸು ಕಡಿಮೆ ಕುಡಿಯಿರಿ. ಎರಡನೆಯ ಗೆರೆ ಮಸುಕಾಗಿ ಮೂಡಿದರೆ ಲೆಕ್ಕಕ್ಕಿಲ್ಲ. ಪಕ್ಕದ ಕಂಟ್ರೋಲ್ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿರಬೇಕು. ಜೂನ್–ಜುಲೈನ ಕತ್ತಲೆ ಮನೆಯಲ್ಲಿ, ಹಳದಿ ಬಲ್ಬಿನ ಕೆಳಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಪಟ್ಟಿಯ ಪೊಟ್ಟಣದಲ್ಲಿ ಬರೆದಷ್ಟೇ ಹೊತ್ತಿಗೆ ಜಗಲಿಯ ಬೆಳಕಿನಲ್ಲಿ ಹಿಡಿದು ಫೋಟೊ ತೆಗೆಯಿರಿ. ತಡವಾಗಿ ನೋಡಿದ ಪಟ್ಟಿಯನ್ನು ನಂಬಬೇಡಿ. ನೆಟ್‌ವರ್ಕ್ ಸಿಗದಿದ್ದರೆ ಫೋಟೊ ಕಳಿಸುವುದು ಆಮೇಲೆ ಆಗಲಿ, ಹೊತ್ತನ್ನು ಮಾತ್ರ ಆಗಲೇ ಬರೆದಿಡಿ. ಪಟ್ಟಿ ಹೇಳಿದ್ದನ್ನು ಕ್ಲಿನಿಕ್ ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಂಡೇ ಮುಂದುವರಿಯುತ್ತದೆ.

ಒಂದು ಉದಾಹರಣೆ. ಸೋಮವಾರ ಬೆಳಿಗ್ಗೆ ಎಲ್‌ಎಚ್ ಏರಿತು ಎನ್ನಿ. ಮಂಗಳವಾರ ಅಂಡ ಬಿಡುಗಡೆ. ಐದು ದಿನದ ಭ್ರೂಣವನ್ನು ಭಾನುವಾರ ಸೇರಿಸುತ್ತಾರೆ, ಮೂರು ದಿನದ್ದಾದರೆ ಶುಕ್ರವಾರ. ಭಾನುವಾರ ನಿಮ್ಮ ಕ್ಲಿನಿಕ್‌ನಲ್ಲಿ ಲ್ಯಾಬ್ ತೆರೆದಿರುತ್ತದೆಯೇ? ಈ ಪ್ರಶ್ನೆಯನ್ನು ಚಕ್ರ ಶುರುವಾಗುವ ಮೊದಲೇ ಕೇಳಿ.

ಫಾಲಿಕಲ್ 17–18 ಮಿಲಿಮೀಟರ್ ಮುಟ್ಟಿದ ಮೇಲೆ ಎಲ್‌ಎಚ್‌ನಂತೆಯೇ ಕೆಲಸ ಮಾಡುವ ಎಚ್‌ಸಿಜಿ ಹಾರ್ಮೋನಿನ ಇಂಜೆಕ್ಷನ್ ಕೊಟ್ಟು ಅಂಡ ಬಿಡಿಸುವ ಕ್ರಮವೂ ಇದೆ. ಶನಿವಾರ ರಾತ್ರಿ ಚುಚ್ಚಿದರೆ ಸೋಮವಾರ ಅಂಡ ಬಿಡುಗಡೆ, ಮುಂದಿನ ಶನಿವಾರ ಐದು ದಿನದ ಭ್ರೂಣ. ದೂರದ ಊರಿನವರಿಗೆ ನಾನು ಒಲವು ತೋರುವುದು ಇದಕ್ಕೇ. ದಿನ ಮುಂಚೆಯೇ ಗೊತ್ತಾದರೆ ಬಸ್ಸು, ರಜೆ, ಅಡಿಕೆ ಕೊಯ್ಲಿನ ಆಳುಗಳ ಊಟ, ಎಲ್ಲಕ್ಕೂ ವ್ಯವಸ್ಥೆ ಮಾಡಿಕೊಳ್ಳಬಹುದು. ಹೇಳಿದ ಗಂಟೆಗೇ ಇಂಜೆಕ್ಷನ್ ಆಗಬೇಕು. ಅದನ್ನು ಫ್ರಿಜ್‌ನಲ್ಲಿಡಬೇಕೆಂದಿದ್ದು, ನಿಮ್ಮಲ್ಲಿ ಮಳೆಗೆ ಕರೆಂಟ್ ಹೋಗುವುದಾದರೆ ನಮಗೆ ಹೇಳಿ. ಹತ್ತಿರದ ಆಸ್ಪತ್ರೆಯಲ್ಲೇ ಹಾಕಿಸುವ ಏರ್ಪಾಡು ಮಾಡೋಣ. ಇಂಜೆಕ್ಷನ್ ಆದ ಮೇಲೆ ಎಲ್‌ಎಚ್ ಪಟ್ಟಿ ನೋಡಬೇಡಿ, ಎಚ್‌ಸಿಜಿಯನ್ನೇ ಅದು ಎಲ್‌ಎಚ್ ಎಂದು ತೋರಿಸಬಹುದು.

ಕೆಲವೊಮ್ಮೆ ಪ್ರೊಜೆಸ್ಟೆರಾನ್ ಮೊದಲೇ ಏರಿರುತ್ತದೆ, ಅಥವಾ ಅಂಡ ಬಿಟ್ಟದ್ದು ಯಾವಾಗ ಎಂದು ತಿಳಿಯುವುದೇ ಇಲ್ಲ. ಆಗ ವೈದ್ಯರು ಈ ತಿಂಗಳು ಬೇಡ ಎಂದರೆ ದಯವಿಟ್ಟು ಒಪ್ಪಿಕೊಳ್ಳಿ. ಕಣ್ಣೀರು ಬರುತ್ತದೆ, ನನಗೆ ಗೊತ್ತು. ಆದರೆ ಭ್ರೂಣವನ್ನು ದ್ರವ ಸಾರಜನಕದಿಂದ ಇನ್ನೂ ಹೊರತೆಗೆದಿಲ್ಲ, ಅದು ಸುರಕ್ಷಿತವಾಗಿಯೇ ಇದೆ. ತಪ್ಪು ದಿನಕ್ಕೆ ಅದನ್ನು ಕಳೆದುಕೊಳ್ಳುವುದಕ್ಕಿಂತ ಕಾಯುವುದೇ ಮೇಲು.

ವರ್ಗಾವಣೆಯ ದಿನ ಮೂತ್ರಕೋಶ ತುಂಬಿರಬೇಕು ಎನ್ನುತ್ತಾರೆ. ಮನೆಯಲ್ಲೇ ಕುಡಿದು ಬಸ್ಸಿನಲ್ಲಿ ಒದ್ದಾಡಬೇಡಿ, ಕ್ಲಿನಿಕ್‌ಗೆ ಬಂದು ಕುಡಿಯಿರಿ. ಮರಳುವಾಗ ರಸ್ತೆಯ ಕುಲುಕಾಟಕ್ಕೆ ಭ್ರೂಣ ಜಾರಿ ಬೀಳುವುದಿಲ್ಲ; ಮಲಗಿಯೇ ಇರಬೇಕಾಗಿಯೂ ಇಲ್ಲ. ಇದನ್ನು ಅತ್ತೆಯವರಿಗೂ ನಾನೇ ಫೋನಿನಲ್ಲಿ ಹೇಳುತ್ತೇನೆ, ಬೇಕಾದರೆ ಕೇಳಿ. ಕೊಟ್ಟ ಪ್ರೊಜೆಸ್ಟೆರಾನ್ ಮಾತ್ರೆಯನ್ನು ತಪ್ಪಿಸಬೇಡಿ. ಗರ್ಭ ನಿಂತಿದೆಯೇ ಎಂದು ನೋಡುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಸಾಮಾನ್ಯವಾಗಿ ವರ್ಗಾವಣೆಯಾದ ಒಂಬತ್ತರಿಂದ ಹದಿನಾಲ್ಕು ದಿನದೊಳಗೆ ಇರುತ್ತದೆ. ಅದಕ್ಕೆ ಮೊದಲು ಮನೆಯಲ್ಲಿ ಪರೀಕ್ಷೆ ಮಾಡಿದರೆ ಇಂಜೆಕ್ಷನ್ನಿನ ಎಚ್‌ಸಿಜಿಯೇ ಎರಡು ಗೆರೆಯಾಗಿ ಕಾಣಬಹುದು.