ಶಟ್‌ಡೌನ್ ಮಾಡಿದ ಲ್ಯಾಪ್‌ಟಾಪ್ ಚಾರ್ಜ್ ತಿನ್ನುತ್ತಿದೆಯಾ? ಹೀಗೆ ಪತ್ತೆ ಹಚ್ಚಿ

ಹೋದ ತಿಂಗಳು ಅಕ್ಕನ ಮಗಳು ಹಾಸ್ಟೆಲ್‌ನಿಂದ ಬಂದವಳೇ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. "ಮಾಮ, ರಾತ್ರಿ ಶಟ್‌ಡೌನ್ ಮಾಡೇ ಮಲಗ್ತೀನಿ. 60 ಪರ್ಸೆಂಟ್ ಇದ್ದದ್ದು ಬೆಳಿಗ್ಗೆ 48 ಆಗಿರತ್ತೆ. ಅಂಗಡಿಯವ್ರು ಬ್ಯಾಟರಿ ಬದಲಾಯಿಸ್ಬೇಕು ಅಂದ್ರು" ಎಂದಳು. ಆ ರಾತ್ರಿ ಶಟ್‌ಡೌನ್ ಮಾಡಿ, ರೂಮಿನ ಲೈಟ್ ಆರಿಸಿ ನೋಡಿದೆವು. ಪರದೆ ಕಪ್ಪು, ಫ್ಯಾನ್ ಸದ್ದಿಲ್ಲ. ಆದರೆ ವೈರ್ ಮೌಸ್‌ನ ಅಡಿಯಿಂದ ಕೆಂಪು ಬೆಳಕು ಮೇಜಿನ ಮೇಲೆ ಬಿದ್ದಿತ್ತು! ಬ್ಯಾಟರಿಗೆ ಏನೂ ಆಗಿರಲಿಲ್ಲ. ಆಫ್ ಆದ ಮೇಲೂ ಯುಎಸ್‌ಬಿ ಪೋರ್ಟ್‌ಗೆ ಕರೆಂಟ್ ಹೋಗುತ್ತಲೇ ಇತ್ತು.

ಆಫ್ ಆದ ಲ್ಯಾಪ್‌ಟಾಪ್ ಸ್ವಲ್ಪ ವಿದ್ಯುತ್ ಬಳಸುವುದು ಸಹಜ. ಪವರ್ ಬಟನ್ ಒತ್ತಿದ್ದು ಗೊತ್ತಾಗಲು ಒಳಗೊಂದು ಸಣ್ಣ ಚಿಪ್ ಎಚ್ಚರವಾಗಿರಬೇಕು. ಗಡಿಯಾರ ನಡೆಯಬೇಕು. ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್‌ಗೂ ಚೂರು ಬೇಕು. ಇದೆಲ್ಲ ಸೇರಿ ರಾತ್ರಿಗೆ ಒಂದು ಪರ್ಸೆಂಟ್ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತು, ಹನ್ನೆರಡು ಹೋಗುತ್ತಿದ್ದರೆ ಮುಂದೆ ಓದಿ.

ಹೆಜ್ಜೆ 1: ನಿಜವಾಗಿ ಶಟ್‌ಡೌನ್ ಮಾಡುತ್ತಿದ್ದೀರಾ ನೋಡಿಕೊಳ್ಳಿ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಸ್ಲೀಪ್‌ಗೆ ಹೋಗುತ್ತದೆ, ಆಫ್ ಆಗುವುದಿಲ್ಲ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲೂ ಮೊಬೈಲ್ ಥರ ಅರ್ಧ ಎಚ್ಚರವಾಗಿರುತ್ತವೆ. ಬ್ಯಾಗಿನಿಂದ ತೆಗೆದಾಗ ಬಿಸಿ ಬಿಸಿ ಇದ್ದರೆ ಕಾರಣ ಹೆಚ್ಚಾಗಿ ಇದೇ.

ಹೆಜ್ಜೆ 2: ಅಳತೆ ಮಾಡಿ. ಚಾರ್ಜರ್ ಕಿತ್ತು, ಪೆನ್‌ಡ್ರೈವ್, ಮೌಸ್ ಎಲ್ಲ ಇದ್ದ ಹಾಗೇ ಬಿಟ್ಟು ಶಟ್‌ಡೌನ್ ಮಾಡಿ. ಹೊತ್ತು ಮತ್ತು ಪರ್ಸೆಂಟ್ ಒಂದು ಚೀಟಿಯಲ್ಲಿ ಬರೆದಿಡಿ. ಸರಿಯಾಗಿ 24 ಗಂಟೆ ಬಿಟ್ಟು ಆನ್ ಮಾಡಿ, ಲಾಗಿನ್ ಆದ ಕೂಡಲೇ ಮತ್ತೆ ಬರೆದುಕೊಳ್ಳಿ. ಆನ್ ಆಗುವುದಕ್ಕೇ ಒಂದು ಪರ್ಸೆಂಟ್ ಹೋಗಬಹುದು, ಅದನ್ನು ಕಳೆಯಿರಿ. ಬ್ಯಾಟರಿ 50 ವ್ಯಾಟ್-ಅವರ್‌ನದು (ಒಂದು ವ್ಯಾಟ್‌ನಂತೆ ಬಳಸಿದರೆ 50 ಗಂಟೆ ಬರುವಂಥದ್ದು) ಎಂದುಕೊಳ್ಳಿ. ದಿನಕ್ಕೆ 5 ಪರ್ಸೆಂಟ್ ಇಳಿದರೆ 2.5 ವ್ಯಾಟ್-ಅವರ್ ಹೋಯಿತು, ಅಂದರೆ ಎಲ್ಲೋ ಸುಮಾರು 0.1 ವ್ಯಾಟ್ ಸೋರುತ್ತಿದೆ. ಮಾರನೇ ದಿನ ಎಲ್ಲ ಕಿತ್ತು ಇದೇ ಪರೀಕ್ಷೆ ಮತ್ತೆ ಮಾಡಿ. ಈಗ ಸೋರಿಕೆ ನಿಂತರೆ ಕಳ್ಳ ಯುಎಸ್‌ಬಿಯಲ್ಲಿದ್ದಾನೆ.

ಗೋಡೆಯ ಪ್ಲಗ್‌ಗೆ ಹಾಕುವ ಅಗ್ಗದ ವ್ಯಾಟ್ ಮೀಟರ್‌ಗಳನ್ನು ಇದಕ್ಕಾಗಿ ಕೊಳ್ಳಬೇಡಿ. ಇಷ್ಟು ಸಣ್ಣ ಅಳತೆಯಲ್ಲಿ ಅವು ಸೊನ್ನೆ ತೋರಿಸುತ್ತವೆ, ಇಲ್ಲವೇ ಸುಳ್ಳು ಲೆಕ್ಕ ಕೊಡುತ್ತವೆ. ಚೀಟಿಯೇ ವಾಸಿ.

ಹೆಜ್ಜೆ 3: ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ, ನಿಧಾನವಾಗಿ ಮಾಡಿ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ 'ಶಟ್‌ಡೌನ್' ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮ ಪ್ರೋಗ್ರಾಂಗಳು ಮುಚ್ಚಿಕೊಳ್ಳುತ್ತವೆ. ಆದರೆ ವಿಂಡೋಸ್‌ನ ಒಳಭಾಗ ಡಿಸ್ಕ್‌ನಲ್ಲಿ ಹಾಗೇ ಉಳಿದು, ನಾಳೆ ಅಲ್ಲಿಂದಲೇ ಬೇಗ ಎದ್ದು ಬರುತ್ತದೆ. ಇದೇ ಫಾಸ್ಟ್ ಸ್ಟಾರ್ಟಪ್. ಡಿಸ್ಕ್‌ನಲ್ಲಿ ಕೂತಿದ್ದಕ್ಕೆ ಕರೆಂಟ್ ಬೇಕಿಲ್ಲ, ನಿಜ. ಆದರೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಯಾವುದೋ ಒಂದು ಬಿಡಿಭಾಗ ಪೂರ್ತಿ ಆಫ್ ಆಗದೆ ಉಳಿದುಬಿಡುತ್ತದೆ. ಫಾಸ್ಟ್ ಸ್ಟಾರ್ಟಪ್ ತೆಗೆದ ಮೇಲೆ ಸೋರಿಕೆ ನಿಂತಿದ್ದನ್ನು ನಾನು ನೋಡಿದ್ದೇನೆ.

ನಿಮ್ಮದರಲ್ಲಿ ಇದು ಆನ್ ಇದೆಯಾ ಎಂದು ತಿಳಿಯಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. 'ಪರ್ಫಾರ್ಮೆನ್ಸ್', ಅದರಲ್ಲಿ 'ಸಿಪಿಯು'. ಕೆಳಗೆ 'ಅಪ್ ಟೈಮ್' ಕಾಣುತ್ತದೆ. ರಾತ್ರಿ ಶಟ್‌ಡೌನ್ ಮಾಡಿದ್ದರೂ ಅಲ್ಲಿ ನಾಲ್ಕೈದು ದಿನ ಎಂದು ತೋರಿಸುತ್ತಿದ್ದರೆ ಫಾಸ್ಟ್ ಸ್ಟಾರ್ಟಪ್ ಆನ್ ಇದೆ.

ಈಗ ಸ್ಟಾರ್ಟ್ ಒತ್ತಿ 'ಕಂಟ್ರೋಲ್ ಪ್ಯಾನೆಲ್' ಎಂದು ಹುಡುಕಿ. ಅದರಲ್ಲಿ 'ಪವರ್ ಆಪ್ಷನ್ಸ್', ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡು'. ಕೆಳಗೆ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ಇರುತ್ತದೆ. ಆದರೆ ಮಂಕಾಗಿರುತ್ತದೆ, ಎಷ್ಟು ಒತ್ತಿದರೂ ಅಲ್ಲಾಡುವುದಿಲ್ಲ. "ನಮ್ಮದರಲ್ಲಿ ಆಗಲ್ಲ" ಎಂದು ಜನ ಕೈಬಿಡುವುದು ಇಲ್ಲಿಯೇ. ಅದೇ ಪುಟದ ಮೇಲ್ಭಾಗದಲ್ಲಿ ಪುಟ್ಟ ಗುರಾಣಿ ಚಿತ್ರದ ಪಕ್ಕ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಎಂಬ ಸಾಲಿದೆ. ಮೊದಲು ಅದನ್ನು ಒತ್ತಿ. ಮಂಕು ಹೋಗುತ್ತದೆ. ಟಿಕ್ ತೆಗೆಯಿರಿ. ಅಲ್ಲಿಗೇ ಕಿಟಕಿ ಮುಚ್ಚಬೇಡಿ, ಕೆಳಗಿನ 'ಸೇವ್ ಚೇಂಜಸ್' ಒತ್ತಿದರೆ ಮಾತ್ರ ಉಳಿಯುತ್ತದೆ. ಪಕ್ಕದ ಸ್ಲೀಪ್ ಟಿಕ್ ಮುಟ್ಟಬೇಡಿ. ಆಫೀಸಿನ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿದರೆ ನಿಮ್ಮ ಐಟಿಯವರಿಗೆ ಹೇಳಿ.

ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇರುವ ಲ್ಯಾಪ್‌ಟಾಪ್ ಆನ್ ಆಗಲು ಇದರಿಂದ ಕೆಲವು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಸೋರಿಕೆ ಇರಲಿ, ಇಲ್ಲದಿರಲಿ, ತೆಗೆದೇಬಿಡಿ ಎನ್ನುತ್ತೇನೆ. ಸೆಟ್ಟಿಂಗ್ ಬೇಡ ಎನ್ನುವವರಿಗೆ ಒಂದು ಅಡ್ಡದಾರಿ ಇದೆ: ಶಿಫ್ಟ್ ಕೀ ಹಿಡಿದುಕೊಂಡೇ ಶಟ್‌ಡೌನ್ ಒತ್ತಿ. ಆ ಒಂದು ಸಲ ಪೂರ್ತಿ ಆಫ್ ಆಗುತ್ತದೆ.

ಹೆಜ್ಜೆ 4: ಯುಎಸ್‌ಬಿ ಚಾರ್ಜಿಂಗ್ ನಿಲ್ಲಿಸಿ. ಆಫ್ ಆದ ಲ್ಯಾಪ್‌ಟಾಪ್‌ನ ಒಂದೊಂದು ಪೋರ್ಟ್‌ಗೂ ಮೊಬೈಲ್ ಚುಚ್ಚಿ ನೋಡಿ. ಚಾರ್ಜ್ ಆದರೆ ಸೌಲಭ್ಯ ಆನ್ ಇದೆ. ದಾರಿಯಲ್ಲಿ ಮೊಬೈಲ್‌ಗೆ ಚಾರ್ಜ್ ಸಿಗಲಿ ಎಂದು ಕೊಟ್ಟದ್ದು ಇದು. ಇದನ್ನು ತೆಗೆಯುವುದು ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಎದ್ದೇಳುವ, ಲ್ಯಾಪ್‌ಟಾಪ್‌ನ ಸ್ವಂತ ಸೆಟ್ಟಿಂಗ್‌ಗಳ ಪರದೆಯಲ್ಲಿ. ಆನ್ ಆಗುವಾಗ ಎಫ್2, ಎಫ್10 ಎಂದು ಕೀ ಕುಟ್ಟುತ್ತಾ ಕೂರುವ ಬದಲು, ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ. ಬರುವ ನೀಲಿ ಪರದೆಯಲ್ಲಿ 'ಟ್ರಬಲ್‌ಶೂಟ್', 'ಅಡ್ವಾನ್ಸ್‌ಡ್ ಆಪ್ಷನ್ಸ್', 'ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್' ಆರಿಸಿದರೆ ಬಯೋಸ್ ತೆರೆದುಕೊಳ್ಳುತ್ತದೆ.

ಅದಕ್ಕೂ ಮೊದಲು ಒಂದು ಮುಖ್ಯ ಮಾತು. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಬಯೋಸ್ ಮುಟ್ಟಿದ ಮೇಲೆ ರಿಕವರಿ ಕೀ ಕೇಳಬಹುದು. 48 ಅಂಕಿಗಳ ಆ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲೇ ಬರೆದಿಟ್ಟುಕೊಳ್ಳಿ. ಅದಿಲ್ಲದೆ ನಿಮ್ಮ ಫೈಲ್‌ಗಳು ನಿಮಗೇ ಸಿಗುವುದಿಲ್ಲ.

ಒಳಗೆ ಡೆಲ್‌ನಲ್ಲಿ 'ಪವರ್‌ಶೇರ್', ಲೆನೊವೊದಲ್ಲಿ 'ಆಲ್ವೇಸ್ ಆನ್ ಯುಎಸ್‌ಬಿ' ಎಂಬ ಹೆಸರಿರುತ್ತದೆ. ಆಫ್ ಮಾಡಿ. ನೆಟ್‌ವರ್ಕ್ ಮೂಲಕ ದೂರದಿಂದಲೇ ಲ್ಯಾಪ್‌ಟಾಪ್ ಎಬ್ಬಿಸುವ 'ವೇಕ್ ಆನ್ ಲ್ಯಾನ್' ಕಂಡರೆ ಅದನ್ನೂ ಆಫ್ ಮಾಡಿ. ಮನೆ ಬಳಕೆಗೆ ಅದು ಬೇಕಾಗುವುದಿಲ್ಲ. ಬೇರೆ ಏನನ್ನೂ ಮುಟ್ಟದೆ, ಸೇವ್ ಮಾಡಿ ಹೊರಗೆ ಬನ್ನಿ.

ಹೆಜ್ಜೆ 5: ಚಾರ್ಜರ್ ಕಿತ್ತಿಡಿ. ಕಂಪನಿಯ ಒಳ್ಳೆಯ ಚಾರ್ಜರ್ ಸುಮ್ನೆ ಪ್ಲಗ್‌ನಲ್ಲಿದ್ದರೆ ತಿನ್ನುವುದು ತೀರಾ ಕಡಿಮೆ. 49 ವ್ಯಾಟ್‌ಗಿಂತ ದೊಡ್ಡ ಸಾಮಾನ್ಯ ಚಾರ್ಜರ್‌ಗೆ ಯುರೋಪಿನಲ್ಲಿ 2020ರಿಂದ ಇರುವ ಮಿತಿ 0.21 ವ್ಯಾಟ್. ವರ್ಷವಿಡೀ ಬಿಟ್ಟರೂ ಎರಡು ಯೂನಿಟ್ ಆಗುವುದಿಲ್ಲ. ಹಾಗಾಗಿ ಬಿಲ್ಲಿಗೆ ಹೆದರಿ ಕೀಳಬೇಕಿಲ್ಲ. ಸಿಡಿಲಿಗೆ ಹೆದರಿ ಕೀಳಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗಿರಬೇಕು. ಹೆಸರಿಲ್ಲದ ನಕಲಿ ಚಾರ್ಜರ್ ಅಂತೂ ಮನೆಗೇ ತರಬೇಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ನೋಡಿ ಕೊಳ್ಳಿ.

ಹೆಜ್ಜೆ 6: ಚೀಟಿ ಪರೀಕ್ಷೆ ಮತ್ತೊಮ್ಮೆ ಮಾಡಿ. ಅಕ್ಕನ ಮಗಳ ಲ್ಯಾಪ್‌ಟಾಪ್ ಈಗ ರಾತ್ರಿಗೆ ಒಂದು ಪರ್ಸೆಂಟ್ ಇಳಿಯುತ್ತಿದೆ. ಇಷ್ಟೆಲ್ಲ ಮಾಡಿಯೂ ಹತ್ತು ಇಳಿದರೆ ಬ್ಯಾಟರಿಯನ್ನೋ ಬೋರ್ಡನ್ನೋ ಅನುಮಾನಿಸಬಹುದು, ಆಗ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಹೋಗುವಾಗ ಆ ಚೀಟಿ ಜೊತೆಗಿರಲಿ.