ಹುನೆಫರ್‌ನ ತಕ್ಕಡಿ ಮುಂದಿಟ್ಟುಕೊಂಡು ಕಲಿತ ಪದಗಳು

ಪ್ರಾಚೀನ ಈಜಿಪ್ಟಿನ ಬಗ್ಗೆ ಓದಲು ಕೂತರೆ ಮಾತ್, ಕಾ, ಬಾ, ರೆನ್ ಅಂತ ಪುಟ್ಟ ಪುಟ್ಟ ಪದಗಳು ಸಾಲಾಗಿ ಎದುರಾಗುತ್ತವೆ. ಅರ್ಥ ಬರೆದುಕೊಂಡು ಬಾಯಿಪಾಠ ಮಾಡುವುದು ನನಗೆ ಇಷ್ಟವಿರಲಿಲ್ಲ. ಒಂದೇ ಚಿತ್ರ ಹಿಡಿದುಕೊಂಡು ಕಲಿತೆ. ಅದು ಹುನೆಫರ್‌ನ ಪಪೈರಸ್, ಅಂದರೆ ಜೊಂಡಿನ ಹಾಳೆಯ ಸುರುಳಿ.

ಹುನೆಫರ್ ಈಜಿಪ್ಟಿನ ರಾಜ (ಫರೋ) ಮೊದಲನೇ ಸೇತಿಯ ಕಾಲದ ಅರಮನೆ ಲಿಪಿಕಾರ. ಕ್ರಿ.ಪೂ. 1275ರ ಆಸುಪಾಸಿನಲ್ಲಿ ಅವನ ಸಮಾಧಿಗೆಂದು ಬರೆದ ಸುರುಳಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿರುವ, ಸತ್ತ ಮೇಲೆ ನಡೆಯುವ ತೀರ್ಪಿನ ದೃಶ್ಯವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ನರಿಮುಖದ ದೇವರು ಅನುಬಿಸ್ ಹುನೆಫರ್‌ನ ಕೈಹಿಡಿದು ತರುತ್ತಾನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅವನ ಹೃದಯ, ಇನ್ನೊಂದರಲ್ಲಿ ಒಂದು ಗರಿ. ಪಕ್ಕದಲ್ಲಿ ಅಮ್ಮಿತ್ ಕಾಯುತ್ತಿದ್ದಾಳೆ: ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗ. ಹೃದಯ ಸೋತರೆ ಅದು ಅವಳ ಪಾಲು.

ಆ ಗರಿಯೇ ಮಾತ್: ಸತ್ಯ, ನ್ಯಾಯ, ಲೋಕದ ಕ್ರಮ. ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಟ್ಟೆ. ಕೊಡಲೇಬೇಕು. ಸೂರ್ಯ ದಿನವೂ ಹುಟ್ಟುವುದು, ನೈಲ್ ನದಿ ಹೊತ್ತಿಗೆ ಸರಿಯಾಗಿ ಉಕ್ಕುವುದು, ನ್ಯಾಯ ಹೇಳುವವನು ಬಡವನ ಮಾತನ್ನೂ ಕೇಳುವುದು, ಎಲ್ಲವೂ ಮಾತ್. ಅದನ್ನು ಕಾಪಾಡುವುದೇ ರಾಜನ ಮೊದಲ ಕೆಲಸ. ಅಬೈಡೋಸ್ ದೇವಾಲಯದ ಗೋಡೆಗಳಲ್ಲಿ ಇದೇ ಸೇತಿ ದೇವಿಯ ರೂಪದ ಮಾತ್‌ಳ ಪುಟ್ಟ ಮೂರ್ತಿಯನ್ನು ಅಂಗೈಯಲ್ಲಿಟ್ಟು ದೇವರಿಗೆ ಅರ್ಪಿಸುತ್ತಾನೆ. ರಾಜ ಅರ್ಪಿಸುವುದೂ ಅದನ್ನೇ, ಲಿಪಿಕಾರನ ಹೃದಯ ತೂಗುವುದೂ ಅದರಿಂದಲೇ. ಇದು ಹೊಳೆದಾಗ ನನಗೆ ತುಂಬಾ ಸಂತೋಷವಾಯಿತು.

ಹೃದಯಕ್ಕೆ ಅವರ ಪದ ಇಬ್. ಯೋಚನೆ, ನೆನಪು ಎರಡೂ ಅಲ್ಲೇ ಅಂತ ಅವರ ನಂಬಿಕೆ. ಅದಕ್ಕೇ ಮಮ್ಮಿ ಮಾಡುವಾಗ ಮಿದುಳನ್ನು ತೆಗೆದು ಬಿಸಾಡುತ್ತಿದ್ದರು, ಹೃದಯವನ್ನು ಒಳಗೇ ಬಿಡುತ್ತಿದ್ದರು. "ನನ್ನ ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ" ಎಂಬ ಮಂತ್ರ ಕೆತ್ತಿದ ಜೀರುಂಡೆ ಆಕಾರದ ತಾಯಿತವನ್ನು ಎದೆಯ ಮೇಲೆ ಇಡುತ್ತಿದ್ದರು. ಎಂಥ ಭಯ ಇದ್ದಿರಬೇಕು, ಅಲ್ವಾ?

ಬಾ ಸುಲಭ. ಸತ್ತವನ ಆತ್ಮದ ಒಂದು ರೂಪ; ಮನುಷ್ಯನ ತಲೆಯಿರುವ ಹಕ್ಕಿ, ಸಮಾಧಿಯಿಂದ ಹೊರಗೆ ಹೋಗಿ ಬರುತ್ತದೆ.

ಕಾ, ರೆನ್ ಎರಡನ್ನೂ ಸಮಾಧಿಗಲ್ಲುಗಳ ಫೋಟೋ ನೋಡಿ ಕಲಿತೆ. ಕಾ ಅಂದರೆ ಜೀವಶಕ್ತಿ, ರೆನ್ ಅಂದರೆ ಹೆಸರು. ಮೊದಲು ಮೇಲೆತ್ತಿದ ಎರಡು ಕೈಗಳ ಗುರುತು ಹುಡುಕುತ್ತೇನೆ. ಅದೇ ಕಾ. ಕಲ್ಲಿನ ಮೇಲೆ ರೊಟ್ಟಿ, ಬಿಯರ್, ಎತ್ತು, ಹಕ್ಕಿ, ಬಟ್ಟೆ ಎಲ್ಲ "ಇಂಥವನ 'ಕಾ'ಗೆ" ಅಂತ ಬರೆದಿರುತ್ತದೆ. ಆ ಗುರುತಿನ ಮುಂದೆ ಅವನ ಹುದ್ದೆ, ಆಮೇಲೆ ಹೆಸರು. ಕೆಲವು ಕಲ್ಲುಗಳು ದಾರಿಹೋಕರನ್ನೇ ಕರೆದು, ಇದನ್ನು ಬಾಯಿಬಿಟ್ಟು ಓದಿ ಅಂತ ಕೇಳುತ್ತವೆ. ಓದಿದರೆ ಸಾಕು, ಸತ್ತವನಿಗೆ ಊಟ ಸಿಕ್ಕಂತೆ.

ಹೆಸರಿನ ಕೊನೆಗೆ ಬಹಳ ಸಲ "ಮಾ ಖೆರು" ಇರುತ್ತದೆ. ಮಾತು ಸತ್ಯವೆಂದು ತೀರ್ಪಾದವನು ಅಂತ. ಇದೂ ಆ ತಕ್ಕಡಿಯದೇ ಪದ. ಹಾಗೆ ಗೆದ್ದವನು ಅಖ್ ಆಗುತ್ತಾನೆ, ಬೆಳಗುವ ಆತ್ಮ. ಶುರು ಮಾಡುವವರಿಗೆ ನನ್ನ ಸಲಹೆ: ಅಖ್ ಅನ್ನು ಕೊನೆಗೆ ಓದಿ. ಉಳಿದವು ಗೊತ್ತಿಲ್ಲದೆ ಅದು ಸುಮ್ನೆ 'ಆತ್ಮ' ಅಂತ ಅನಿಸಿಬಿಡುತ್ತದೆ.