ಫೋರ್ ಬೈ ಫೋರ್ ಲಿವರ್ ಎಳೆಯುವ ಮುನ್ನ

ಡಿಸೆಂಬರಿನಲ್ಲಿ ಒಮ್ಮೆ, ಕಾಫಿ ಕುಯ್ಲಿನ ನಡುವೆ ಎರಡು ದಿನ ಅಕಾಲ ಮಳೆ ಹೊಡೆದಿತ್ತು. ಮೂಡಿಗೆರೆ ಸಮೀಪದ ನೆಂಟರ ತೋಟದಲ್ಲಿ ಹೊಸ ಪಿಕಪ್ ಒಂದು ಹಣ್ಣಿನ ಚೀಲ ಹೇರಿಕೊಂಡು, ಹಳ್ಳದ ಬದಿಯ ಕೆಸರಿನ ಏರನ್ನು ಫೋರ್ ಬೈ ಫೋರ್‌ನಲ್ಲಿ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು, ಸಲೀಸಾಗಿ ಹತ್ತಿ ಬಂತು. ಎಲ್ಲರೂ ಶಭಾಷ್ ಎಂದರು. ಚಾಲಕ ಅದೇ ಹುಮ್ಮಸ್ಸಿನಲ್ಲಿ ಬಿಸಿಲಿಗೆ ಒಣಗಿದ್ದ ಸಿಮೆಂಟ್ ಕಣಕ್ಕೆ ಗಾಡಿ ಹತ್ತಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತು ಹೊಡೆದ. ಅರ್ಧ ಸುತ್ತಿಗೆ ಗಾಡಿ ಯಾರೋ ಹ್ಯಾಂಡ್‌ಬ್ರೇಕ್ ಎಳೆದಂತೆ ಮುಗ್ಗರಿಸಿತು. ಮುಂದಿನ ಟೈರು ಕಿರುಗುಟ್ಟಿ ಕಣದ ಮೇಲೆ ಕಪ್ಪು ಗೀರು ಎಳೆಯಿತು. ಆತ ಇನ್ನಷ್ಟು ಆಕ್ಸಿಲರೇಟರ್ ಒತ್ತಿದ. ಆಮೇಲೆ ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಅದು ಮಿಸುಕಲಿಲ್ಲ. ‘ಗಾಡಿ ಕೆಟ್ಟಿದೆ ಅಣ್ಣಾ’ ಎಂದು ಇಳಿದು ಬಂದ.

ಗಾಡಿಗೆ ಏನೂ ಆಗಿರಲಿಲ್ಲ. ಸ್ಟೀರಿಂಗ್ ನೇರ ಮಾಡಿ ಹತ್ತಡಿ ಹಿಂದಕ್ಕೆ ಬಿಟ್ಟಿದ್ದರೆ ಲಿವರು ಎರಡು ಬೆರಳಿಗೇ ಬರುತ್ತಿತ್ತು. ಇಂಥ ಪ್ರಸಂಗವನ್ನು ನಾನು ಇಷ್ಟು ಸಲ ನೋಡಿದ್ದೇನೆಂದರೆ, ಈ ಲೇಖನದ ಅರ್ಧ ಭಾಗ ಆ ಹತ್ತಡಿಗೇ ಮೀಸಲು.

ಮೊದಲ ಹೆಜ್ಜೆ: ನಿಮ್ಮ ಗಾಡಿಯಲ್ಲಿ ಇರುವುದು ಯಾವುದು?

ಹಿಂದಿನ ಬಾಗಿಲ ಮೇಲಿನ ಸ್ಟಿಕ್ಕರ್ ನಂಬಬೇಡಿ. ಸ್ಟಿಕ್ಕರ್ ಅಂಗಡಿಯಲ್ಲಿ ಸಿಗುತ್ತದೆ, ಬಲವನ್ನು ಮುಂದಿನ ಚಕ್ರಕ್ಕೂ ಹಂಚುವ ಗೇರು ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್, ಸಿಗುವುದಿಲ್ಲ. ಹಿಂದಿನ ಚಕ್ರಕ್ಕಷ್ಟೇ ಬಲ ಹೋಗುವ ಪಿಕಪ್‌ಗೆ ‘4x4’ ಎಂದು ಅಂಟಿಸಿಕೊಂಡು ಓಡಾಡುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ.

ಲಿವರ್ ಅಥವಾ ತಿರುಗಿಸುವ ಗುಬ್ಬಿಯ ಮೇಲಿನ ಅಕ್ಷರ ಓದಿ. 2ಎಚ್ (ಎರಡು ಚಕ್ರ, ಹೈ ಗೇರು), 4ಎಚ್ (ನಾಲ್ಕು ಚಕ್ರ, ಹೈ ಗೇರು), 4ಎಲ್ (ನಾಲ್ಕು ಚಕ್ರ, ಲೋ ಗೇರು) ಎಂದಿದ್ದರೆ ಅದು ಬಹುಮಟ್ಟಿಗೆ ಪಾರ್ಟ್ ಟೈಮ್. ಸಾಮಾನ್ಯವಾಗಿ ಹಿಂದಿನ ಎರಡೇ ಚಕ್ರ ದುಡಿಯುತ್ತವೆ, ನೀವು ಹೇಳಿದಾಗ ಮಾತ್ರ ಮುಂದಿನವು ಕೈ ಜೋಡಿಸುತ್ತವೆ. ಹಳೆಯ ಜಿಪ್ಸಿ, ಥಾರ್, ಗೂರ್ಖಾ, ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಎಲ್ಲವೂ ಈ ಜಾತಿ. 2ಎಚ್ ಎಂಬ ಆಯ್ಕೆಯೇ ಇಲ್ಲದೆ, ಹೈ, ಲೋ ಮತ್ತು ನಡುವಿನ ಡಿಫರೆನ್ಶಿಯಲ್‌ಗೆ (ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆಗೆ) ಲಾಕ್ ಇದ್ದರೆ ಅದು ಫುಲ್ ಟೈಮ್. ನಾಲ್ಕೂ ಚಕ್ರಕ್ಕೆ ಬಲ ಹೋಗುತ್ತಲೇ ಇರುತ್ತದೆ. ಲ್ಯಾಂಡ್ ರೋವರ್ ಡಿಫೆಂಡರ್ ಹೀಗೆ. ಲೋ ಗೇರೇ ಇಲ್ಲದೆ ‘ಎಡಬ್ಲ್ಯೂಡಿ’ (ಆಲ್ ವೀಲ್ ಡ್ರೈವ್) ಎಂದಷ್ಟೇ ಬರೆದಿದ್ದರೆ, ಅದು ಬಹುಪಾಲು ಬೇಕಾದಾಗ ತಾನೇ ಕ್ಲಚ್ ಹಿಡಿದು ಉಳಿದೆರಡು ಚಕ್ರಕ್ಕೆ ಬಲ ಕಳಿಸುವ ಮೂರನೆಯ ಬಗೆ. ಅದರ ಕಥೆ ಬೇರೆ, ಇಲ್ಲಿ ಬೇಡ.

ಹೆಸರು ಒಂದೇ ಇದ್ದರೂ ಒಳಗಿನ ಯಂತ್ರ ಬದಲಾಗಬಹುದು. 2009ರಲ್ಲಿ ನಮ್ಮಲ್ಲಿಗೆ ಬಂದ ಮೊದಲ ಫಾರ್ಚೂನರ್ ಫುಲ್ ಟೈಮ್ ಆಗಿತ್ತು. 2016ರಲ್ಲಿ ಬಂದ ಎರಡನೆಯ ಪೀಳಿಗೆಯದು ಪಾರ್ಟ್ ಟೈಮ್. ಹಳೆಯದನ್ನು ಮಾರಿ ಹೊಸದು ಕೊಂಡವರು ಹಳೆಯ ಅಭ್ಯಾಸದಲ್ಲೇ 4ಎಚ್ ಹಾಕಿಕೊಂಡು ಹೆದ್ದಾರಿಗೆ ಇಳಿದರೆ ಗತಿ ಏನು? ಮುಂದೆ ಓದಿ.

ಎರಡನೆಯ ಹೆಜ್ಜೆ: ಒಂದು ಸಣ್ಣ ಲೆಕ್ಕ

ತಿರುವಿನಲ್ಲಿ ಎಡ ಚಕ್ರ, ಬಲ ಚಕ್ರ ಬೇರೆ ಬೇರೆ ದೂರ ಓಡುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಸರಿದೂಗಿಸಲು ಅಚ್ಚಿನ ನಡುವೆ ಡಿಫರೆನ್ಶಿಯಲ್ ಇದೆ. ಮುಂದಿನ ಅಚ್ಚು ಮತ್ತು ಹಿಂದಿನ ಅಚ್ಚು ಕೂಡ ಬೇರೆ ಬೇರೆ ದೂರ ಓಡುತ್ತವೆ ಎಂಬುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಪಿಕಪ್‌ನ ಎರಡು ಅಚ್ಚುಗಳ ನಡುವೆ 3 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಹಿಂದಿನ ಅಚ್ಚಿನ ನಡುಬಿಂದು 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತಿದರೆ, ಮುಂದಿನದು ಸುಮಾರು 5.8 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತದೆ. ಒಂದು ಪೂರ್ತಿ ಸುತ್ತಿಗೆ ಹಿಂದಿನವು ಓಡುವುದು 31 ಮೀಟರ್ ಚಿಲ್ಲರೆ, ಮುಂದಿನವು 36 ಮೀಟರ್ ಚಿಲ್ಲರೆ. ಅಂದರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಎರಡು ಸುತ್ತು ಹೆಚ್ಚು ಉರುಳಲೇಬೇಕು.

ಫುಲ್ ಟೈಮ್ ಗಾಡಿಯಲ್ಲಿ ಆ ಎರಡು ಸುತ್ತನ್ನು ನುಂಗಿಕೊಳ್ಳಲು ಮುಂದು-ಹಿಂದುಗಳ ನಡುವೆ ಮೂರನೆಯ ಡಿಫರೆನ್ಶಿಯಲ್ ಇರುತ್ತದೆ. ಪಾರ್ಟ್ ಟೈಮ್‌ನಲ್ಲಿ ಅದಿಲ್ಲ. 4ಎಚ್ ಹಾಕಿದ ಕೂಡಲೇ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದಕ್ಕೊಂದು ಬೆಸೆದುಕೊಂಡಂತೆ ಒಂದೇ ವೇಗದಲ್ಲಿ ತಿರುಗುತ್ತವೆ. ಕೆಸರಿನಲ್ಲಿ ಪರವಾಗಿಲ್ಲ, ಟೈರು ತುಸು ಜಾರಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ಒಣ ಟಾರಿನಲ್ಲಿ, ಸಿಮೆಂಟ್ ಕಣದಲ್ಲಿ ಟೈರು ಜಾರಲು ಒಪ್ಪುವುದಿಲ್ಲ. ಲೆಕ್ಕ ಹಾಗೇ ಬಾಕಿ ಉಳಿದು ಶಾಫ್ಟು, ಜಾಯಿಂಟು, ಕ್ರೌನ್ ಪಿನಿಯನ್ನುಗಳಲ್ಲಿ ಬಿಗಿಯಾಗಿ ಕೂರುತ್ತದೆ. ಒದ್ದೆ ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಾರಲ್ಲ, ಅದೇ ಬಿಗಿ.

ಮೂರನೆಯ ಹೆಜ್ಜೆ: ಹಾಕುವುದು

ಕೆಸರಿಗೆ ಇಳಿಯುವ ಮುನ್ನ ಹಾಕಿ, ಹೂತ ಮೇಲಲ್ಲ. 2ಎಚ್‌ನಿಂದ 4ಎಚ್‌ಗೆ ಹೋಗುವಾಗ ಆಕ್ಸಿಲರೇಟರ್ ಬಿಟ್ಟು, ನೇರವಾಗಿ, ಕೈಪಿಡಿಯಲ್ಲಿ ಹೇಳಿದ ವೇಗದೊಳಗೆ. ಲೋ ಗೇರಿಗೆ ಗಾಡಿ ನಿಲ್ಲಿಸಿ, ಕ್ಲಚ್ ಪೂರ್ತಿ ಒತ್ತಿ; ಆಟೋಮ್ಯಾಟಿಕ್ ಆದರೆ ನ್ಯೂಟ್ರಲ್‌ನಲ್ಲಿಟ್ಟು. ಇಷ್ಟೇ.

ಹಳೆಯ ಜಿಪ್ಸಿಯವರಿಗೆ ಒಂದು ಮಾತು: ಮುಂದಿನ ಚಕ್ರದ ನಡುವೆ ಇರುವ ಫ್ರೀ ವೀಲ್ ಹಬ್ಬನ್ನು ಇಳಿದು ಹೋಗಿ ಕೈಯಾರೆ ‘ಲಾಕ್’ಗೆ ತಿರುಗಿಸದಿದ್ದರೆ, ಒಳಗೆ ಲಿವರ್ ಎಷ್ಟು ಎಳೆದರೂ ಮುಂದಿನ ಚಕ್ರ ಸುಮ್ಮನೆ ಇರುತ್ತದೆ. ಮಳೆಯಲ್ಲಿ ನೆನೆಯಲು ಮನಸ್ಸಿಲ್ಲದೆ ಇದನ್ನು ಬಿಟ್ಟು, ಹೂತ ಮೇಲೆ ಮೊಣಕಾಲುದ್ದ ಕೆಸರಿನಲ್ಲಿ ಹಬ್ ಹುಡುಕಿದವರಲ್ಲಿ ನಾನೂ ಒಬ್ಬ.

ನಾಲ್ಕನೆಯ ಹೆಜ್ಜೆ: ತೆಗೆಯುವುದು (ಎಡವುವುದೆಲ್ಲ ಇಲ್ಲೇ)

ಕೆಸರು ಮುಗಿಯಿತು, ಟಾರು ಕಂಡಿತು. ಟಾರಿಗೆ ಹತ್ತುವ ಮುನ್ನವೇ, ಮಣ್ಣಿನ ಮೇಲಿರುವಾಗಲೇ 2ಎಚ್‌ಗೆ ಬನ್ನಿ. ಮಣ್ಣಿನ ಕೊನೆಯ ಇಪ್ಪತ್ತಡಿಯನ್ನು ನೇರವಾಗಿ ಓಡಿಸಿ, ಕಾಲು ಸಡಿಲಿಸಿ, ಲಿವರ್ ತಳ್ಳಿ. ಹೆಚ್ಚಿನ ಸಲ ಹಾಗೇ ಬಿಡುತ್ತದೆ.

ಮರೆತು ಟಾರಿಗೆ ಬಂದಿರೋ, ಗಾಡಿಯೇ ಸುಳಿವು ಕೊಡುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಕಲ್ಲಿನಂತೆ ಭಾರವಾಗುತ್ತದೆ, ತಿರುಗಿಸಿದ್ದನ್ನು ಬಿಟ್ಟರೆ ಒರಟಾಗಿ ವಾಪಸು ಒದೆಯುತ್ತದೆ. ಕಾಲು ತೆಗೆದ ಕೂಡಲೇ ಗಾಡಿ ಉರುಳದೆ ಗಕ್ಕನೆ ನಿಲ್ಲುತ್ತದೆ. ಕೆಳಗಿನಿಂದ ‘ಟಕ್’ ಎಂಬ ಸದ್ದು. ಇಷ್ಟರಲ್ಲಿ ಯಾವುದೊಂದು ಕಂಡರೂ ನಿಲ್ಲಿಸಿ.

ಈಗ ಲಿವರಿಗೆ ಕೈ ಹಾಕಬೇಡಿ. ಬಿಗಿ ಇರುವಾಗ ಒಳಗಿನ ಹಲ್ಲುಗಳು ಒಂದನ್ನೊಂದು ಅದುಮಿಕೊಂಡಿರುತ್ತವೆ. ನೀವು ಜಗ್ಗಿದರೆ ಬಾಗುವುದು ಗೇರನ್ನು ಸರಿಸುವ ಒಳಗಿನ ಕವಲು, ಶಿಫ್ಟ್ ಫೋರ್ಕ್. ಲಿವರಿಗೆ ಕಬ್ಬಿಣದ ಪೈಪು ತೂರಿಸಿ ಎಳೆದವರನ್ನು ನೋಡಿದ್ದೇನೆ. ಪೈಪು ನೆಟ್ಟಗೇ ಉಳಿಯಿತು.

ಸ್ಟೀರಿಂಗ್ ನೇರ ಮಾಡಿ. ಮುಂದಿನ ಟೈರು ಬಾನೆಟ್ಟಿಗೆ ಸಾಲಾಗಿದೆಯೇ ಎಂದು ಕಿಟಕಿಯಿಂದ ತಲೆ ಹಾಕಿ ನೋಡಿ, ಅಂದಾಜು ಸಾಲದು. ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ರಿವರ್ಸ್ ಹಾಕಿ, ನಿಧಾನಕ್ಕೆ ಹತ್ತು ಹದಿನೈದು ಅಡಿ ಹಿಂದಕ್ಕೆ ಬಿಡಿ. ಮುಂದಕ್ಕೆ ಓಡುವಾಗ ಸುತ್ತಿಕೊಂಡ ಬಿಗಿ ಹಿಂದಕ್ಕೆ ಓಡುವಾಗ ಬಿಚ್ಚಿಕೊಳ್ಳುತ್ತದೆ. ಹಿಂದಕ್ಕೆ ಹೋಗುತ್ತಿರುವಾಗಲೇ, ಕಾಲು ಸಡಿಲವಿಟ್ಟು, ಲಿವರನ್ನು 2ಎಚ್ ಕಡೆಗೆ ಮೃದುವಾಗಿ ಒತ್ತಿ ಹಿಡಿದಿರಿ. ಹಿಡಿದಿರಿ ಅಷ್ಟೇ, ತಳ್ಳಬೇಡಿ. ಒಂದು ಕ್ಷಣದಲ್ಲಿ ಅದು ತಾನಾಗಿಯೇ ಜಾರಿ ಕೂರುತ್ತದೆ. ಆ ಸಣ್ಣ ‘ಕ್ಲಿಕ್’ ಅಂಗೈಗೆ ತಿಳಿಯುತ್ತದೆ. ಗುಬ್ಬಿ ಇರುವ ಗಾಡಿಯಾದರೆ ಮೊದಲೇ 2ಎಚ್‌ಗೆ ತಿರುಗಿಸಿಟ್ಟು ಹಿಂದಕ್ಕೆ ಬಿಡಿ, ಮೀಟರಿನಲ್ಲಿ ಮಿನುಗುವ ದೀಪ ಆರುವವರೆಗೆ. ಗುಬ್ಬಿ ತಿರುಗಿತು ಎಂದರೆ ಕೆಲಸ ಆಯಿತು ಎಂದಲ್ಲ, ದೀಪವೇ ಸಾಕ್ಷಿ. ನನಗೆ ಲಿವರೇ ಇಷ್ಟವಾಗುವುದು ಇದಕ್ಕೇ: ಗುಬ್ಬಿ ಬರೀ ಅರ್ಜಿ ಹಾಕುತ್ತದೆ.

ಒಂದೇ ಸಲಕ್ಕೆ ಬಿಡದಿದ್ದರೆ ಮುಂದೆ ಹತ್ತಡಿ, ಹಿಂದೆ ಹತ್ತಡಿ, ಎರಡೂ ನೇರವಾಗಿ. ಪಕ್ಕದಲ್ಲಿ ಜಲ್ಲಿಯೋ ಹುಲ್ಲೋ ಇದ್ದರೆ ಎರಡು ಚಕ್ರವನ್ನು ಅದರ ಮೇಲೆ ಇಳಿಸಿ, ಟೈರು ತುಸು ಜಾರಲು ಅವಕಾಶ ಸಿಗುತ್ತದೆ. ಇದಕ್ಕೂ ಬಗ್ಗದಿದ್ದರೆ ಮಾತ್ರ ಮೆಕ್ಯಾನಿಕ್.

‘ಮಳೆಯಲ್ಲಿ ಟಾರು ಒದ್ದೆ ಇರುತ್ತದಲ್ಲ, 4ಎಚ್ ಇರಲಿ ಬಿಡಿ’ ಎನ್ನುವವರಿದ್ದಾರೆ. ಒದ್ದೆ ಟಾರು ಕೂಡ ಟೈರನ್ನು ಸಾಕಷ್ಟು ಹಿಡಿಯುತ್ತದೆ. ಚಾರ್ಮಾಡಿಯ ಹಿಮ್ಮುರಿ ತಿರುವುಗಳಲ್ಲಿ ಪಾರ್ಟ್ ಟೈಮ್ ಗಾಡಿಯನ್ನು 4ಎಚ್‌ನಲ್ಲಿ ಇಳಿಸುವುದು ನನ್ನ ಮಟ್ಟಿಗೆ ಕೂಡದು. ‘ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ’ ಎಂಬ ನಂಬಿಕೆಯೂ ಸುಳ್ಳು. ಬ್ರೇಕ್ ಯಾವ ಗಾಡಿಗಾದರೂ ನಾಲ್ಕೂ ಚಕ್ರಕ್ಕಿದೆ.

ಫುಲ್ ಟೈಮ್ ಇದ್ದವರಿಗೆ

ನಿಮಗೆ ಮೇಲಿನ ಯಾವ ರಗಳೆಯೂ ಇಲ್ಲ, ಆದರೆ ಬೇರೆಯದೊಂದಿದೆ. ಡಿಫರೆನ್ಶಿಯಲ್ ಸುಲಭ ಸಿಕ್ಕ ಕಡೆಗೆ ಬಲ ಹರಿಸುತ್ತದೆ. ನಡುವಿನ ಡಿಫರೆನ್ಶಿಯಲ್ ತೆರೆದಿದ್ದರೆ, ಒಂದೇ ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಬಲವೆಲ್ಲ ಅದರ ಪಾಲಾಗಿ ಉಳಿದ ಮೂರು ಕೈಕಟ್ಟಿ ನಿಲ್ಲುತ್ತವೆ. ನಾಲ್ಕೂ ಚಕ್ರಕ್ಕೆ ಬಲವಿರುವ ಗಾಡಿ ಒಂದು ಚರಂಡಿಯಲ್ಲಿ ಸಿಕ್ಕಿಬೀಳುವುದು ಹೀಗೆ. ಅದಕ್ಕೇ ಲಾಕ್ ಇದೆ. ಕೆಸರಿಗೆ ಇಳಿಯುವ ಮುನ್ನ ಒತ್ತಿ. ಒತ್ತಿದ ಕ್ಷಣದಿಂದ ನಿಮ್ಮದೂ ಪಾರ್ಟ್ ಟೈಮಿನ 4ಎಚ್‌ನಂತೆಯೇ, ಟಾರಿಗೆ ಬಂದರೆ ತೆಗೆಯಲೇಬೇಕು, ಬಿಗಿ ಬಿದ್ದರೆ ಬಿಡಿಸುವ ಬಗೆಯೂ ಅದೇ. ಕೆಲವು ಗಾಡಿಗಳಲ್ಲಿ ಟಾರ್ಸೆನ್ ಮಾದರಿಯ ಡಿಫರೆನ್ಶಿಯಲ್ ಇದ್ದು, ತಾನೇ ಬಲವನ್ನು ಹಿಡಿತವಿರುವ ಕಡೆಗೆ ತಿರುಗಿಸುತ್ತದೆ. ಗೂರ್ಖಾದ ಡಿಫ್ ಲಾಕ್‌ಗಳನ್ನು ಇದರೊಂದಿಗೆ ಕಲಸಿಕೊಳ್ಳಬೇಡಿ. ಅವು ಅಚ್ಚಿನೊಳಗೆ ಎಡ-ಬಲ ಚಕ್ರಗಳನ್ನು ಬೆಸೆಯುತ್ತವೆ.

ಕೊಳ್ಳುವವರಿಗೆ

ಪಿಕಪ್ಪೇ ಬೇಕೆಂದರೆ ನಮ್ಮಲ್ಲಿ ತಲೆ ಕೆಡಿಸಿಕೊಳ್ಳುವುದಕ್ಕೆ ಹೆಚ್ಚು ಜಾಗವಿಲ್ಲ, ಹೈಲಕ್ಸ್, ವಿ-ಕ್ರಾಸ್ ಎರಡೂ ಪಾರ್ಟ್ ಟೈಮ್. ಹೊರದೇಶದಲ್ಲಿ ಫೋಕ್ಸ್‌ವ್ಯಾಗನ್ ಅಮರೋಕ್‌ನಂಥ ಪಿಕಪ್ ಎರಡೂ ಬಗೆಯಲ್ಲಿ ಬಂದಿದೆ. ಮಿತ್ಸುಬಿಷಿಯ ಸೂಪರ್ ಸೆಲೆಕ್ಟ್‌ನಲ್ಲಂತೂ 2ಎಚ್ ಕೂಡ ಇದೆ, ಟಾರಿನ ಮೇಲೆ ಓಡಿಸಬಹುದಾದ 4ಎಚ್ ಕೂಡ ಇದೆ.

ತೋಟದೊಳಗೆ ಹಣ್ಣು, ಗೊಬ್ಬರ ಸಾಗಿಸಿ ಉಳಿದ ದಿನ ಟಾರಿನಲ್ಲಿ ಓಡುವವರಿಗೆ ಪಾರ್ಟ್ ಟೈಮೇ ಸರಿ. ಭಾಗ ಕಡಿಮೆ, ಊರಿನ ಮೆಕ್ಯಾನಿಕ್‌ಗೆ ಅದರ ಒಳಹೊರಗು ಗೊತ್ತು, ಸುಮ್ಮನೆ ಮುಂದಿನ ಚಕ್ರಕ್ಕೆ ಡೀಸೆಲ್ ಸುಡುವುದಿಲ್ಲ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳು ದಿನವೂ ಇದನ್ನೇ ಹೇಳುತ್ತವೆ. ಫುಲ್ ಟೈಮ್ ಗೆಲ್ಲುವುದು ನಮ್ಮ ಮಳೆಗಾಲದ ಆ ಇನ್ನೊಂದು ಬಗೆಯ ರಸ್ತೆಯಲ್ಲಿ: ನೂರು ಅಡಿ ಟಾರು, ಐವತ್ತು ಅಡಿ ಕುಸಿದ ಮಣ್ಣು, ಮತ್ತೆ ಟಾರು. ಅಲ್ಲಿ ಲಿವರ್ ಆಡಿಸುತ್ತ ಕೂರುವುದು ಆಗದ ಮಾತು. ಮನೆಯಲ್ಲಿ ನಾಲ್ಕು ಜನ ಓಡಿಸುವವರಿದ್ದು ಯಾರೂ ಲಿವರಿನ ಗೋಜಿಗೆ ಹೋಗುವವರಲ್ಲ ಎಂದರೂ ದುಡ್ಡಿದ್ದರೆ ಫುಲ್ ಟೈಮ್ ಕೊಳ್ಳಿ.

ಟೈರು, ಎಣ್ಣೆ

ಎರಡೇ ಟೈರು ಬದಲಿಸುವ ಉಳಿತಾಯ ಬೇಡ. ಹೊಸ ಟೈರಿಗೂ ಸವೆದ ಟೈರಿಗೂ ಮೇಲ್ಪಟ್ಟಿಯ (ಟ್ರೆಡ್) ದಪ್ಪದಲ್ಲಿ 6 ಮಿಲಿಮೀಟರ್ ವ್ಯತ್ಯಾಸವಿದ್ದರೆ, ಸುತ್ತಳತೆಯಲ್ಲಿ ಸುಮಾರು 38 ಮಿಲಿಮೀಟರ್, ಕಿಲೋಮೀಟರಿಗೆ 15 ಮೀಟರ್ ಚಿಲ್ಲರೆ. ಮುಂದೆ ಹೊಸದು, ಹಿಂದೆ ಹಳೆಯದು ಇದ್ದರೆ 4ಎಚ್‌ನಲ್ಲಿ ನೇರ ರಸ್ತೆಯಲ್ಲೂ ಬಿಗಿ ಏರುತ್ತದೆ. ಫುಲ್ ಟೈಮಿನಲ್ಲಿ ನಡುವಿನ ಡಿಫರೆನ್ಶಿಯಲ್ ಒಂದು ಗಳಿಗೆಯೂ ಬಿಡುವಿಲ್ಲದೆ ಸವೆಯುತ್ತದೆ. ನಾಲ್ಕನ್ನೂ ಸರದಿಯಲ್ಲಿ ಅದಲು ಬದಲು ಮಾಡುತ್ತ ಒಟ್ಟಿಗೇ ಸವೆಸಿ, ಒಟ್ಟಿಗೇ ಬದಲಿಸಿ.

ಪಾರ್ಟ್ ಟೈಮಿನವರು ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಒಂದೆರಡು ಕಿಲೋಮೀಟರ್ 4ಎಚ್ ಹಾಕಿ ಓಡಿಸಿ. ವರ್ಷವಿಡೀ ಮುಟ್ಟದ ಲಿವರು ಜೂನ್ ತಿಂಗಳಲ್ಲಿ ಜಾಮ್ ಆಗಿರುತ್ತದೆ. ಎಣ್ಣೆಗೆ ಬೆರೆಸುವ ಬಣ್ಣಬಣ್ಣದ ಪುಟ್ಟ ಬಾಟಲಿಗಳನ್ನು ಅಂಗಡಿಯಲ್ಲೇ ಬಿಡಿ, ಆ ದುಡ್ಡಿಗೆ ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ ತನ್ನಿ. ಹಳ್ಳ ದಾಟಿ ಚಕ್ರದ ನಡುಮಟ್ಟಕ್ಕೆ ನೀರು ಬಂದಿದ್ದರೆ, ಮರುದಿನ ಬೆಳಿಗ್ಗೆ ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಅಚ್ಚಿನ ಡಿಫರೆನ್ಶಿಯಲ್ ಹೌಸಿಂಗ್‌ನ ಎಣ್ಣೆ ತುಂಬುವ ಪ್ಲಗ್ ಬಿಚ್ಚಿ ಬೆರಳದ್ದಿ ನೋಡಿ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಸೇರಿದೆ. ಎಣ್ಣೆ ಬದಲಿಸುವ ತನಕ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯಬೇಡಿ.